ಬಿಟ್ಟುಕೊಡದ ಮ್ಯಾನೇಜರು

"ನನ್ನ ತಮ್ಮನನ್ನ ಬಿಟ್ಟುಕೊಡೋ ಮಾತೇ ಇಲ್ಲ. ಇನ್ನೊಂದು ಸಲ ಫೋನ್ ಮಾಡಬೇಡಿ."

ಅಕ್ಕ ಫೋನ್ ಇಟ್ಟು ತಿರುಗಿದಾಗ ತಮ್ಮ ಬಾಗಿಲಲ್ಲೇ ನಿಂತಿದ್ದ. ಅವಳದು ಮೆಲುದನಿ. ಇವತ್ತಿನ ಮಾತು ಮಾತ್ರ ಕೆಳಗಿನ ಬೇಕರಿಗೂ ಕೇಳಿಸಿತ್ತು.

"ಯಾರದು?"

"ಅದೇ, ದೊಡ್ಡ ಮ್ಯಾನೇಜರು. ಮೂರನೇ ಸಲ."

ತಮ್ಮ ಒಳಗೆ ಬಂದ. ಆ ಮನುಷ್ಯ ಕೈಹಿಡಿದ ಸಂಗೀತಗಾರರ ಹಾಡು ಬಸ್ಸಿನಲ್ಲಿ, ಅಂಗಡಿಯಲ್ಲಿ, ಪಕ್ಕದ ಮನೆಯ ಬಚ್ಚಲಲ್ಲಿ ಕೇಳುತ್ತಿತ್ತು. ಇವನಿಗೆ ಮ್ಯಾನೇಜರು ಅಂದರೆ ಅಕ್ಕ. ಅವಳು ಹಿಡಿದು ತಂದದ್ದು ಸೋಪು, ಹಲ್ಲುಪುಡಿ, ಸೊಳ್ಳೆಬತ್ತಿಯ ಜಾಹೀರಾತು. ಅವನ ಸ್ವಂತ ಹಾಡುಗಳು ಈ ಕೋಣೆಯ ಹೊಸಿಲು ದಾಟಿರಲಿಲ್ಲ.

"ನನ್ನನ್ನ ಒಂದು ಮಾತು ಕೇಳಬಾರದಿತ್ತಾ?"

"ಕೇಳೋದೇನು ಬಂತು? ನಿನಗೇನು ಬೇಕು ಅಂತ ನನಗೆ ಗೊತ್ತು."

"ಸೊಳ್ಳೆಬತ್ತಿ ಬೇಕಾ ನನಗೆ?"

"ಸೊಳ್ಳೆ ಇರೋ ತನಕ ಕೆಲಸ ಇರುತ್ತಪ್ಪ."

ಅಷ್ಟು ಸಾಕಾಯಿತು. ಅವನು ಕೀಬೋರ್ಡನ್ನು ಚೀಲಕ್ಕೆ ತುರುಕಿದ. ಜಿಪ್ಪು ಸಿಕ್ಕಿಹಾಕಿಕೊಂಡಿತು. ಅಕ್ಕ ಬಂದು ಬಿಡಿಸಿಕೊಟ್ಟಳು.

"ನೀನು ನನ್ನನ್ನ ಬೆಳೆಸಲಿಲ್ಲ, ಬಚ್ಚಿಟ್ಟೆ. ನಾನೇ ಹೋಗ್ತೀನಿ ಅವರ ಹತ್ರ. ನಿನ್ನ ಮ್ಯಾನೇಜರಿಕೆ ಇವತ್ತಿಗೆ ಮುಗೀತು."

"ಅವರಿಗೆ ನಿನ್ನ ಆ ಹೊಸ ಹಾಡು ಮೊದಲು ಕೇಳಿಸು ಅಂತ ಹೇಳೋಳಿದ್ದೆ. ಈಗ ನಾನ್ಯಾರು ಹೇಳೋಕೆ?"

"ಅದನ್ನೇ ಕೇಳಿಸ್ತೀನಿ, ನಿನ್ನ ಅಪ್ಪಣೆ ಬೇಕಿಲ್ಲ!"

ಬಾಗಿಲು ಧಡಾರನೆ ಬಡಿಯಿತು. ಅಕ್ಕ ಕಿಟಕಿಯಿಂದ ಅವನು ಬಸ್ಸು ಹತ್ತುವವರೆಗೆ ನೋಡಿದಳು. ಆಮೇಲೆ ಹಲ್ಲುಪುಡಿಯವರಿಗೆ ಫೋನ್ ಮಾಡಿ, ತಮ್ಮ ಇನ್ನು ಸಿಗುವುದಿಲ್ಲ, ಬೇರೆಯವರನ್ನು ನೋಡಿಕೊಳ್ಳಿ ಎಂದಳು.

ಸಂಜೆ ತಮ್ಮನ ಹೆಂಡತಿ ಏದುಸಿರು ಬಿಡುತ್ತ ಬಂದಳು.

"ಇವರನ್ನ ತಗೊಂಡರಂತೆ ಅತ್ತಿಗೆ! ಹೊಸ ಹಾಡನ್ನ ಎರಡು ಸಲ ಕೇಳಿದರಂತೆ. 'ಆ ಹೆಂಗಸಿನ ಕೈಯಿಂದ ಹೇಗೆ ಕಿತ್ತುಕೊಂಡೆ ನೋಡಿ' ಅಂತ ಆಫೀಸಿಗೆಲ್ಲ ಹೇಳ್ಕೊಂಡು ಓಡಾಡ್ತಿದ್ದಾರಂತೆ."

"ಕಿತ್ತುಕೊಳ್ಳಲಿ. ಊಟ ಮಾಡಿದನಾ?"

"ಮಾಡಿದರು. ನಿಮ್ಮ ಮುಖ ಇನ್ನು ನೋಡಲ್ಲ ಅಂತ ಕೂಗಾಡ್ತಾನೇ ಮಾಡಿದರು." ಅವಳು ತಲೆ ತಗ್ಗಿಸಿದಳು. "ನಿಜ ಹೇಳಿಬಿಡಲಾ?"

"ಬೇಡ. ಸಿಟ್ಟು ಇಳಿದರೆ ವಾಪಸು ಬಂದುಬಿಡ್ತಾನೆ," ಎಂದಳು ಅಕ್ಕ. "ಆ ಮನುಷ್ಯನ ಬಾಗಿಲಲ್ಲಿ ವರ್ಷಗಟ್ಟಲೆ ಕೂತು, ನನ್ನ ತಮ್ಮನನ್ನ ತಗೊಳ್ಳಿ ಅಂತ ಬೇಡಿಕೊಂಡೆ, ತಲೆ ಎತ್ತಿ ನೋಡಲಿಲ್ಲ, ಯಾರಿಗೂ ಕೊಡಲ್ಲ ಅಂತ ಊರೆಲ್ಲ ಹೇಳಿಸಿದ ಮೇಲೆ ತಾನೇ ಫೋನ್ ಮಾಡಿದ."