ಅಜ್ಜಿಯ ಕೋಲು ಇಳಿದ ಮಣ್ಣು

ಚಹಾದಲ್ಲಿ ಮಜ್ಜಿಗೆಹುಲ್ಲಿನ ನಿಂಬೆಯಂಥ ವಾಸನೆ ಬಂದರೆ ಈಗಲೂ ಚಿಕ್ಕನಾಯಕನಹಳ್ಳಿ ಗುಡ್ಡದ ಆ ಮಧ್ಯಾಹ್ನ ನೆನಪಾಗುತ್ತದೆ.

ಆಡು ಕಾಯುತ್ತ ಅಂಥದೇ ವಾಸನೆಯ ಕಾಡುಹುಲ್ಲಿನ ಮೇಲೆ ನಿದ್ದೆಹೋಗಿದ್ದೆ. ಎದ್ದಾಗ ದಿನ ತುಂಬಿದ ಆಡು ಇರಲಿಲ್ಲ. ಈದ ಮರಿಯನ್ನು ನರಿ ಎಳೆದೊಯ್ದರೆ ಅಪ್ಪನಿಗೆ ಏನು ಹೇಳಲಿ? ತೆಂಕಲ ಇಳಿಜಾರಿನಲ್ಲೆಲ್ಲ ಅಳುತ್ತ ಹುಡುಕಿದೆ. ಅಲ್ಲಿ ಕಾದ ಕಲ್ಲು, ತಂಗಡಿ ಗಿಡ ಬಿಟ್ಟರೆ ಏನೂ ಇರಲಿಲ್ಲ.

ಬುತ್ತಿ ತಂದ ಅಜ್ಜಿ ನನ್ನ ಕೆನ್ನೆಯ ಮೇಲೆ ಮೂಡಿದ್ದ ಹುಲ್ಲಿನ ಗುರುತನ್ನು ಸೆರಗಿನಿಂದ ಒರೆಸಿದಳು. ಉಳಿದ ಆಡುಗಳ ಮೇಲೆ ಕಣ್ಣಾಡಿಸಿದಳು. ಕೋಲನ್ನು ನೆಲಕ್ಕೆ ಊರಿದಳು. ಅದು ಬೆರಳಿನಷ್ಟು ಇಳಿದು ಕಲ್ಲಿಗೆ ತಾಗಿತು.

"ದಿನವೆಲ್ಲ ಬಿಸ್ಲು ಬೀಳೋ ಮಗ್ಗುಲು ಕಣೇ ಇದು. ಈ ಕಲ್ಮೇಲೆ ಯಾವ ತಾಯಿ ಈಯ್ತದೆ? ನೆಳ್ಳಿನ್ ಕಡೆ ನಡಿ."

ಗುಡ್ಡದ ನೆತ್ತಿ ದಾಟಿ ಬಡಗಲಿಗೆ ಇಳಿದೆವು. ಅಲ್ಲಿ ಅದೇ ಕೋಲು ಗೇಣುದ್ದ ಇಳಿಯಿತು. ಮಣ್ಣು ಕಪ್ಪಗೆ, ತಣ್ಣಗಿತ್ತು, ಮರಗಳು ಒತ್ತಾಗಿದ್ದವು. ತರಗೆಲೆಯ ಹಾಸಿನ ಮೇಲೆ ಆಡು ಮರಿಯನ್ನು ನೆಕ್ಕುತ್ತಿತ್ತು. ನನ್ನ ಕೈಗೆ ಅಜ್ಜಿ ಆ ಒದ್ದೆ ಮರಿಯನ್ನಿಟ್ಟಳು.

ಸಂಜೆ ಅಪ್ಪ, "ಎಲ್ಲಿ ಈದಿತ್ತವ್ವಾ?" ಎಂದ.

"ನೆಳ್ಳಿನ್ ಮಗ್ಗುಲಲ್ಲಿ," ಎಂದಳು ಅಜ್ಜಿ. "ನಿನ್ ಮಗಳೇ ಕಣ್ಲಾ ಹುಡ್ಕಿದ್ದು."