ಓವರ್

"ಎಲ್ಲ ಓವರ್, ಯಜಮಾನ್ರೇ. ಒಳಗೆ ಬನ್ನಿ" ಎಂದಳು ಬಾಗಿಲು ತೆರೆದ ನರ್ಸ್. ಬೆಂಚಿನಲ್ಲಿ ಕೂತಿದ್ದ ವೈರ್‌ಲೆಸ್ ತಾತ ಎದ್ದುನಿಂತು, ತಾವೀಗ ಮಾತಾಡಬೇಕೇನೋ ಎಂಬಂತೆ ಗಂಟಲು ಸರಿಮಾಡಿಕೊಂಡರು.

ಬಂದರಿನ ವೈರ್‌ಲೆಸ್ ಕೋಣೆಯಲ್ಲಿ ದುಡಿದು ನಿವೃತ್ತರಾದವರು. ಊರಿಗೆಲ್ಲ ಓವರ್ ಎಂದರೆ ಮುಗಿಯಿತು ಎಂದರ್ಥ. ಅವರಿಗೆ ಮಾತ್ರ, ನನ್ನದಾಯಿತು, ಇನ್ನು ನೀನು ಹೇಳು ಎಂದು. ಮನೆಯಲ್ಲೂ ಬಾಯಿತಪ್ಪಿ ಅನ್ನುತ್ತಿದ್ದರು: ಟವೆಲ್ ಎಲ್ಲಿ, ಓವರ್. ಇದು ಮನೆ ಕಣ್ರೀ, ಹಡಗಲ್ಲ ಎಂದು ಹೆಂಡತಿ ರೇಗುತ್ತಿದ್ದಳು.

ಆ ರೇಗಾಟ ನಿಂತು ವರ್ಷದ ಮೇಲಾಗಿತ್ತು. ಅವಳ ಬಲಗೆನ್ನೆಯ ನರಕ್ಕೆ ಅದೇನೋ ನೋವು. ತುಟಿ ಅಲುಗಿಸಿದರೆ ಕರೆಂಟು ಹೊಡೆದಂತಾಗುತ್ತಿತ್ತು. ಮೊದಮೊದಲು ಮುನಿಸಿಕೊಂಡಿದ್ದಾಳೆ ಎಂದೇ ತಾತ ತಿಳಿದಿದ್ದರು. ಬಂದುಹೋಗುವವರು ಮಾತು ಬೆಳ್ಳಿ, ಮೌನ ಬಂಗಾರ ಎಂದು ನಗಿಸಲು ನೋಡುತ್ತಿದ್ದರು. ತಾತನಿಗೆ ಬೆಳ್ಳಿಯೇ ಬೇಕಾಗಿತ್ತು. ಬಿರುಗಾಳಿಯ ಕರಕರದೊಳಗಿಂದ ದೋಣಿಯವರ ದನಿ ಹೆಕ್ಕಿದ್ದ ಕಿವಿ, ಈಗ ಅಡುಗೆಮನೆಯಲ್ಲಿ ಪಾತ್ರೆ ಇಡುವ ಸದ್ದಿನಲ್ಲಿ ಅವಳನ್ನು ಹುಡುಕುತ್ತಿತ್ತು.

ಬೆಳಿಗ್ಗೆ ಡಾಕ್ಟರು ವಿವರಿಸಿದ್ದರು. ಕೆನ್ನೆಯೊಳಗೆ ಸೂಜಿ ಇಳಿಸಿ, ರೇಡಿಯೋ ಅಲೆ ಹಾಯಿಸಿ, ನರವನ್ನು ಹದವಾಗಿ ಸುಡುತ್ತಾರಂತೆ.

"ಅದೇ ಅಲೆಯಾ ಡಾಕ್ಟ್ರೇ? ನಮ್ಮಲ್ಲಿ ದನಿ ಮುಟ್ಟಿಸ್ತಿತ್ತಲ್ಲ, ಅದು?"

"ಅದರದೇ ಜಾತಿ. ಇಲ್ಲಿ ಅದು ದನಿ ಒಯ್ಯಲ್ಲ, ಬಿಸಿ ಮಾಡುತ್ತೆ. ನೋವಿನ ಸುದ್ದಿ ಹೋಗೋ ದಾರಿ ಕಡೀತೀವಿ ಅಂದ್ಕೊಳ್ಳಿ."

ದಾರಿ ಕಡಿದರೆ ನೋವಿನ ಸುದ್ದಿಯೊಂದೇ ನಿಲ್ಲುತ್ತದೆಯೇ, ಮಾತೂ ನಿಂತೀತೇ? ತಾತ ಕೇಳಲಿಲ್ಲ. ಕೇಳಿದರೆ ಉತ್ತರ ಬರುತ್ತದೆ.

ಈಗ ಅವಳು ಕೆನ್ನೆಗೊಂದು ಪುಟ್ಟ ಪಟ್ಟಿ ಅಂಟಿಸಿಕೊಂಡು ಚಾವಣಿ ನೋಡುತ್ತ ಮಲಗಿದ್ದಳು. ತಾತ ಬಗ್ಗಿದರು.

"ಇವಳೇ, ಕೇಳಿಸ್ತಿದೆಯಾ?" ತುಸು ತಡೆದು, ಮೆಲ್ಲಗೆ ಸೇರಿಸಿದರು: "ಓವರ್."

ಅವಳ ತುಟಿ ಒಂದಿಷ್ಟು ಅಲುಗಿ, ಹೊಡೆತಕ್ಕೆ ಕಾಯುವಂತೆ ನಿಂತಿತು. ಹೊಡೆತ ಬರಲಿಲ್ಲ. ಇನ್ನಷ್ಟು ಅಲುಗಿತು.

"ಶರ್ಟಿನ ಗುಂಡಿ ಮೇಲೆ ಕೆಳಗೆ ಹಾಕ್ಕೊಂಡಿದ್ದೀರಿ" ಎಂದಳು. ದನಿ ತುಕ್ಕು ಹಿಡಿದಂತಿತ್ತು. "ಬೆಳಗಿಂದ ನೋಡ್ತಿದ್ದೀನಿ. ಆಮೇಲೆ, ನೀವು ಮಾಡೋ ಕಾಫಿ... ಒಂದು ವರ್ಷ ಅದನ್ನ ಬಾಯ್ಮುಚ್ಕೊಂಡು ಕುಡಿದೆನಲ್ಲ."

ತಾತನ ಕಣ್ಣು ಮಂಜಾಯಿತು. ಏನೋ ಹೇಳಲು ಬಾಯಿ ತೆರೆದರು. ಅವಳು ಹೊದಿಕೆಯಿಂದ ಕೈ ಹೊರಗೆಳೆದು ಅಡ್ಡ ಹಿಡಿದಳು.

"ತಾಳ್ರೀ. ನಾನಿನ್ನೂ ಓವರ್ ಅಂದಿಲ್ಲ."