ಹದಿನೇಳನೆಯ ಉಪಗ್ರಹದ ಕನಸು

ಭೂಮಿಯ ನೆರಳಿಗೆ ಬಂದಾಗ ಉಪಗ್ರಹಗಳು ನಿದ್ದೆಹೋಗಿ ಕನಸು ಕಾಣುತ್ತಿದ್ದವು. ಬಂದ ದತ್ತಾಂಶದಿಂದ ಆ ಕನಸುಗಳನ್ನು ಅಳಿಸಿ ಬ್ಯಾಟರಿಯ ಗ್ರಾಫ್ ಎಳೆಯುವುದು ವಿಶ್ವವಿದ್ಯಾಲಯದ ಲ್ಯಾಬಿನಲ್ಲಿ ನೀಲಗಂಗಾಳ ಕೆಲಸ. ಹದಿನೇಳನೆಯ ಉಪಗ್ರಹದ ಗ್ರಾಫ್ ಇಳಿಯುತ್ತಲೇ ಇತ್ತು.

“ಕನಸಿಗೇ ಅರ್ಧ ಚಾರ್ಜ್ ಹೊಂಟೈತಿ,” ಎಂದರು ಗೈಡ್ ಮುರಿಗೆಪ್ಪ ಸರ್. “ಬಂದ್ ಮಾಡಿದ್ರ ಎರಡು ವರ್ಷ ಬದುಕತೈತಿ, ಇಲ್ಲಂದ್ರ ಎರಡು ತಿಂಗಳು. ನಿನ್ನ ಪಿಎಚ್‌ಡಿ ಮುಗಿಬೇಕೋ ಬ್ಯಾಡೋ?”

ಅವಳು ಆ ದಿನದ ಕನಸನ್ನು ತೆರೆದಳು. ಆಕಾಶದಷ್ಟು ದೊಡ್ಡ ಕೈಯೊಂದು ಹಳದಿ ಬಟ್ಟೆಯಿಂದ ಉಪಗ್ರಹದ ಮೈಯನ್ನು ಮೆಲ್ಲಗೆ ಒರೆಸುತ್ತಿತ್ತು. ಉಡಾವಣೆಗೆ ಮುನ್ನ ಧೂಳು ಒರೆಸಿದ್ದ ಅವಳದೇ ಕೈ.

“ದಿನಾ ಇದನ್ನ ಕಾಣತೈತ್ರಿ ಸರ್.”

“ಅದಕ್ಕ ಬ್ಯಾರೆ ಏನ್ ಗೊತ್ತೈತಿ ಹೇಳು?”

ನೀಲಗಂಗಾ ಕನಸು ನಿಲ್ಲಿಸುವ ಆಜ್ಞೆ ಕಳಿಸಿದಳು.

ಮರುದಿನ ಗ್ರಾಫ್ ಇಳಿಯದೆ ನೇರವಾಗಿ ಬಂತು. ಅಳಿಸಲು ಏನೂ ಇರಲಿಲ್ಲ. ಅವಳ ಕೆಲಸ ಹತ್ತೇ ನಿಮಿಷದಲ್ಲಿ ಮುಗಿಯಿತು.